ನೀರು ಬದಲಿಸಿದ ದಿನಾನೇ ನಾಕು ಗೋಲ್ಡ್‌ಫಿಶ್ ಸತ್ವು, ನಳದ ನೀರು ಟ್ಯಾಂಕಿಗೆ ಹ್ಯಾಂಗ ತಯಾರ ಮಾಡ್ಬೇಕ್ರಿ?

ಮೀನಿನ ಮನಿ, ಕಲಬುರಗಿ
ಭಾನುವಾರ ರಾತ್ರಿ 9:20

ಎಲ್ಲಾರಿಗೂ ನಮಸ್ಕಾರ್ರಿ. ಯಾರರ ಲಗೂನ ಹೇಳ್ರಿ, ಮನ್ಯಾಗ ಮಗಳು ಊಟ ಬಿಟ್ಟು ಟ್ಯಾಂಕಿನ ಮುಂದ ಕುಂತಾಳ.

ನಂಬಲ್ಲಿ ಎರಡ ಫೂಟ್ ಉದ್ದ, ಒಂದ ಫೂಟ್ ಅಗಲ, ಒಂದ ಫೂಟ್ ಎತ್ತರದ ಟ್ಯಾಂಕ್ ಅದ. ಆರು ಗೋಲ್ಡ್‌ಫಿಶ್ ಇದ್ವು, ತಂದು ಎಂಟ ತಿಂಗಳಾಯ್ತು, ಛಂದ ಬೆಳದಿದ್ವು. ಇವತ್ತ ಸೂಟಿ ಅಂತ ಮುಂಜಾನಿ ಟ್ಯಾಂಕ್ ತೊಳಿಲಾಕ ನಿಂತೆ. ಮೀನೆಲ್ಲಾ ಬಕೆಟ್ಟಿಗೆ ತಗದು, ನೀರು ಪೂರಾ ಚೆಲ್ಲಿ, ಕಲ್ಲು ತಿಕ್ಕಿ, ಫಿಲ್ಟರಿನ ಸ್ಪಂಜ್ ನಲ್ಲಿ ಕೆಳಗ ಹಿಡದು ಹಿಂಡಿ ಹಿಂಡಿ ಬೆಳ್ಳಗ ಮಾಡಿ, ಮೋಟರ್ ಹಚ್ಚಿ ಪೈಪಿನಿಂದ ಸೀದಾ ನೀರು ತುಂಬಿ ಮೀನು ಬಿಟ್ಟೆ. ಐದು ನಿಮಿಷ ಆಗಿಲ್ರಿ, ಹುಚ್ಚು ಹಿಡದಂಗ ಓಡ್ಯಾಡಿ ಗಾಜಿಗೆ ಬಡ್ಕೊಳ್ಲತ್ವು, ಆಮ್ಯಾಲ ಎಲ್ಲಾ ಮ್ಯಾಲ ಬಂದು ಬಾಯಿ ತಗದು ಮುಚ್ಚಿ ತಗದು ಮುಚ್ಚಿ ಮಾಡ್ಲತ್ವು. ಕಿವಿರು ಕೆಂಪಗ ಆಗಿ, ಮೈ ಮ್ಯಾಲ ಬೆಳ್ಳಗ ಲೋಳಿ ಬಂದಂಗ ಆಗಿತ್ತು. ಮಧ್ಯಾಹ್ನಕ್ಕ ಎರಡು, ಸಂಜಿಗೆ ಇನ್ನೆರಡು ಹೋದ್ವು. ಈಗ ಎರಡ ಉಳದಾವ, ಅವೂ ಏರ್ ಪಂಪಿನ ಗುಳ್ಳಿ ಹತ್ರನೇ ನಿಂತಾವ.

ಮೀನು ಮಾರೋರಿಗೆ ಫೋನ್ ಮಾಡಿದ್ರ ನೀಲಿ ಔಷಧ ಹಾಕು ಅಂದ್ರು. ಗೆಳ್ಯಾ ಒಬ್ಬ ಆರ್‌ಓ ಕ್ಯಾನ್ ನೀರು ಹಾಕು ಅಂತಾನ. ಇನ್ನೊಬ್ಬ ನೀರು ಒಂದ ದಿನ ಇಟ್ಟು ಹಾಕ್ಬೇಕಿತ್ತು ಅಂತಾನ. ನನಗ ತಿಳೀಲಾರ್ದದ್ದು ಒಂದೇ, ಎಂಟ ತಿಂಗಳಿಂದ ಹಿಂಗೇ ತೊಳದೀನಿ, ಇದೇ ಪೈಪು, ಇದೇ ನೀರು, ಒಂದ ಮೀನೂ ಸತ್ತಿದ್ದಿಲ್ಲ. ಇವತ್ತೇ ಯಾಕ? ನೀರಿಗೆ ಬ್ಲೀಚಿಂಗ್ ವಾಸನಿ ಬರ್ಲತ್ತಿತ್ತು ಖರೆ, ಮಳಿಗಾಲ ಶುರು ಆಗ್ಯದ, ನಳಕ್ಕ ಔಷಧ ಜಾಸ್ತಿ ಬಿಟ್ಟಿರಬೇಕು ಅಂತ ಬಿಟ್ಟೆ.

ಉಳದ ಎರಡನ್ನ ಹ್ಯಾಂಗ ಉಳಸ್ಕೊಳ್ಳಿ, ಮುಂದ ನೀರು ಹ್ಯಾಂಗ ತಯಾರ ಮಾಡ್ಲಿ, ದಯಮಾಡಿ ಹೇಳ್ರಿ.


ಹೈಪೋ ಬಾಟ್ಲಿ, ಕಲಬುರಗಿ
ಭಾನುವಾರ ರಾತ್ರಿ 9:41

ಅಣ್ಣಾ, ಮೊದಲ ಉಳದ ಎರಡು ನೋಡಮು, ಉಳದದ್ದು ಆಮ್ಯಾಲ.

ನೀಲಿ ಹಾಕಬ್ಯಾಡ್ರಿ. ಅದು ಮಿಥಿಲೀನ್ ಬ್ಲೂ, ಫಂಗಸ್‌ಗೆ ಇರೋ ಔಷಧ, ಸುಟ್ಟ ಕಿವಿರಿಗೆ ಅದ್ರಿಂದ ಏನೂ ಆಗಲ್ಲ, ಮ್ಯಾಲಿಂದ ಫಿಲ್ಟರಿನಾಗ ಉಳದಿರೋ ಒಳ್ಳೆ ಬ್ಯಾಕ್ಟೀರಿಯಾನೂ ಕೊಲ್ತದ. ಆರ್‌ಓ ಕ್ಯಾನೂ ಸುರೀಬ್ಯಾಡ್ರಿ, ಅದ್ರಾಗ ಉಪ್ಪಿನಂಶ ಭಾಳ ಕಡಿಮಿ, ಮೊದಲೇ ಬಳಲಿದ ಮೀನಿಗೆ ಒಮ್ಮೆಲೇ ಅಂಥಾ ನೀರು ಬಿದ್ರ ಅದೇ ಇನ್ನೊಂದ ಪೆಟ್ಟು. ಬಾಜೂ ಮನ್ಯಾಗ ಬೋರ್ ಅದ ಏನ್ರಿ? ಔಷಧ ಹಾಕಲಾರದ ಬೋರ್ ನೀರಾಗ ಕ್ಲೋರಿನ್ ಇರಲ್ಲ. ಒಂದ ಬಕೆಟ್ ತಂದು, ಒಂದ ತಾಸು ಏರ್ ಪಂಪಿನ ಕಲ್ಲು ಅದ್ರಾಗ ಬಿಟ್ಟು (ಇನ್ನೊಂದು ಪಂಪ್ ಇದ್ರ ಮಾತ್ರ, ಟ್ಯಾಂಕಿಂದು ತಗೀಬ್ಯಾಡ್ರಿ, ಇಲ್ಲಾಂದ್ರ ತಂಬಿಗಿಲೆ ಎತ್ತಿ ಎತ್ತಿ ಸುರೀರಿ), ಕೈ ಹಾಕಿ ನೋಡಿ ಟ್ಯಾಂಕಿನ ನೀರಿನಷ್ಟೇ ತಣ್ಣಗ ಅದ ಅಂತ ಖಾತ್ರಿ ಆದ ಮ್ಯಾಲ, ಟ್ಯಾಂಕಿಂದ ಅಷ್ಟೇ ನೀರು ತಗದು ಸಾವಕಾಶ ಇದನ್ನ ಹಾಕ್ರಿ. ಲೈಟ್ ಬಂದ್ ಮಾಡ್ರಿ. ಎರಡ ದಿನ ಕಾಳು ಹಾಕಬ್ಯಾಡ್ರಿ, ಗೋಲ್ಡ್‌ಫಿಶ್ ಎರಡ ದಿನ ಉಪಾಸ ಇದ್ರ ಏನೂ ಆಗಲ್ಲ.

ನಾಳಿ ಅಂಗಡಿ ತಗದ ಕೂಡ್ಲೆ ಆಂಟಿ ಕ್ಲೋರಿನ್ ತರ್ರಿ. ಬಿಳಿ ಹಳ್ಳು, ಕಲ್ಲಸಕ್ರಿ ಇದ್ದಂಗ ಕಾಣ್ತದ. ಅದರ ಹೆಸರು ಸೋಡಿಯಂ ಥಯೋಸಲ್ಫೇಟ್, ಆದ್ರ ನಮ್ ಮನ್ಯಾಗ ಅದಕ್ಕ ಹೈಪೋ ಅಂತೇವು. ನಮ್ ಅಪ್ಪಾರದು ಫೋಟೋ ಸ್ಟುಡಿಯೋ ಇತ್ತು, ಕಪ್ಪು ಬಿಳುಪು ಫೋಟೋ ತೊಳಿಯೋ ಕಾಲದಾಗ ಡಾರ್ಕ್‌ರೂಮಿನಾಗ ಕೆಂಪ ಬಲ್ಬಿನ ಕೆಳಗ ಮೂರು ಟ್ರೇ ಇರ್ತಿದ್ವು, ಕಡೀ ಟ್ರೇದಾಗ ಹೈಪೋ. ನನಗ ಆರೇಳು ವರ್ಷ ಇದ್ದಾಗ ಅಪ್ಪಾ ಹಳ್ಳು ಬಾಟ್ಲಿಗೆ ಹಾಕಿ ನೀರು ಬಿಟ್ಟು ಅಲುಗಾಡಸು ಅಂತ ನನ್ನ ಕೈಗೆ ಕೊಡ್ತಿದ್ರು, ಕರಗ್ತಾ ಕರಗ್ತಾ ಬಾಟ್ಲಿ ಗಡಿಗಿ ನೀರಿನಂಗ ತಣ್ಣಗ ಆಗ್ತಿತ್ತು, ಬ್ಯಾಸಗ್ಯಾಗ ಅದನ್ನ ಗಲ್ಲಕ್ಕ ಹಚ್ಕೊಂಡು ನಿಂದ್ರತಿದ್ದೆ. ಈಗೂ ಹೈಪೋ ಕರಗಸುವಾಗ ಬಾಟ್ಲಿ ತಣ್ಣಗಾತಂದ್ರ ಮಾಲು ಬರಾಬರ್ ಅದ ಅಂತ ನನಗ ಸಮಾಧಾನ.

ಅಳತಿ ಹೇಳ್ತೀನಿ ಬರ್ಕೊಳ್ರಿ. 10 ಗ್ರಾಂ ಹಳ್ಳು ಬಾಟ್ಲಿಗೆ ಹಾಕಿ, ಮ್ಯಾಲ ನೀರು ಬಿಟ್ಟು ಎಲ್ಲಾ ಕೂಡಿ 100 ಎಂ.ಎಲ್. ಮಾಡ್ರಿ. ಮೆಡಿಕಲ್‌ನಾಗ ಸೂಜಿ ಇಲ್ಲದ ಸಿರಿಂಜ್ ಸಿಗ್ತದ, ಅದ್ರಿಂದ 10 ಲೀಟರ್ ನೀರಿಗೆ 1 ಎಂ.ಎಲ್. ಬಕೆಟ್ಟಿನಾಗೇ ಹಾಕಿ ಕೋಲಿಂದ ತಿರುವಿ ಐದು ನಿಮಿಷ ಬಿಟ್ಟು ಟ್ಯಾಂಕಿಗೆ ಹಾಕೋದು. ವಾಸನಿ ಮೂಗಿಗೆ ಹೊಡೀಲತ್ತಿದ್ರ ಡಬಲ್ ಹಾಕ್ರಿ, ಸ್ವಲ್ಪ ಹೆಚ್ಚಾದ್ರ ಮೀನಿಗೆ ತೊಂದ್ರಿ ಆಗಲ್ಲ, ಕಡಿಮಿ ಬಿದ್ರ ಆಗ್ತದ. ಬಾಟ್ಲಿ ಕತ್ತಲದಾಗ ಇಡ್ರಿ, ತಳಕ್ಕ ಹಳದಿ ಬಿಳುಪು ಗಸಿ ಕುಂತ್ರ ಚೆಲ್ಲಿ ಹೊಸಾದು ಮಾಡ್ರಿ. ಒಂದ ಎಚ್ಚರಿಕಿ, ಹಳೇ ಸ್ಟುಡಿಯೋದಾಗ ಸಿಗೋ ರೆಡಿಮೇಡ್ ಫಿಕ್ಸರ್ ಪುಡಿ ತರಬ್ಯಾಡ್ರಿ, ಅದ್ರಾಗ ಬ್ಯಾರೆ ಕೆಮಿಕಲ್ ಕೂಡ್ಸಿರ್ತಾರ. ಬರೇ ಹಳ್ಳೇ ಬೇಕು.


ಕಾರಂಜಾ ನೀರು, ಬೀದರ
ಭಾನುವಾರ ರಾತ್ರಿ 10:15

ಹೈಪೋ ಸರ್ ಹೇಳಿದ್ದು ಸರಿ ಅದಾ, ಆದ್ರ ಔಷಧ ಇಲ್ದೇನೂ ನಡೀತದಾ ಅಂತ ನಾ ಹೇಳ್ತೀನ್ರಿ. ಬೀದರದಾಗ ನಮಗ ಕಾರಂಜಾ ಡ್ಯಾಮಿನ ನೀರು ಬರ್ತದಾ. ಒಂಬತ್ತ ವರ್ಷದಿಂದ ಮೀನು ಸಾಕ್ಲತ್ತೀನಿ, ಒಂದ ಹನಿ ಔಷಧ ಹಾಕಿಲ್ಲ. ಅಗಲ ಬಾಯಿದು ಪ್ಲಾಸ್ಟಿಕ್ ಟಬ್ ಅದಾ, ನಳ ಬಂದ ದಿನ ತುಂಬ್ಸಿ ಮಾಳಿಗಿ ಮ್ಯಾಲ ಬಿಸಲಿಗೆ ಇಡೋದು, ಸಂಜಿಗೆ ಒಳಗ ತಂದು ರಾತ್ರಿ ಏರ್ ಸ್ಟೋನ್ ಬಿಡೋದು, ಮರುದಿನ ಹಾಕೋದು. ಕ್ಲೋರಿನ್ ತಾನೇ ಹಾರಿ ಹೋಗ್ತದಾ, ಬಿಸಲು ಬಿದ್ರ ಇನ್ನೂ ಜಲ್ದಿ ಹೋಗ್ತದಾ.

ಮತ್ತ ಅಣ್ಣಾರಾ, ನೀರು ಪೂರಾ ಯಾಕ ಚೆಲ್ಲಿದ್ರಿ? ನಿಮ್ ಟ್ಯಾಂಕ್ ಲೆಕ್ಕ ಹಾಕ್ರಿ, 60 ಸೆಂಟಿಮೀಟರ್, 30, 30, ಅಂದ್ರ 54 ಲೀಟರ್, ಕಲ್ಲು ಗಿಲ್ಲು ಕಳದ್ರ 45 ಹಿಡೀರಿ. ವಾರಕ್ಕ ಕಾಲು ಭಾಗ ಬದಲ್ಸಿದ್ರ ಸಾಕು, ಅಂದ್ರ 11 ಲೀಟರ್, ಒಂದ ಬಕೆಟ್ ಪೂರಾನೂ ಬೇಕಾಗಲ್ಲ. ಅಷ್ಟು ಸಣ್ಣ ಕೆಲಸಕ್ಕ ಅರ್ಧ ದಿನ ಕಷ್ಟಪಟ್ಟು ಮೀನು ಕಳಕೊಂಡ್ರಿ, ನನಗ ಓದಿ ಭಾಳ ಸಂಕಟ ಆಯ್ತು.


ಹೈಪೋ ಬಾಟ್ಲಿ, ಕಲಬುರಗಿ
ಭಾನುವಾರ ರಾತ್ರಿ 10:32

ಕಾರಂಜಾ ಸರ, ನಿಮ್ ಪದ್ಧತಿ ನಡೀತದ, ಯಾಕಂದ್ರ ನಿಮ್ ಟಬ್ಬಿನ ಬಾಯಿ ಅಗಲ ಅದ, ಬಿಸಲು ಅದ, ಗಾಳಿ ಅದ. ಆದ್ರ "ಒಂದ ದಿನ ಇಟ್ರ ಸಾಕು" ಅಂತ ಕೇಳಿದ ಮಂದಿ ಮುಚ್ಚಳ ಹಾಕಿದ ಡ್ರಮ್ಮಿನಾಗ ಇಡ್ತಾರ, ಸಂಪಿನಾಗ ಮೂರು ದಿನ ಇತ್ತಲ್ಲ ಅಂತಾರ. ಮುಚ್ಚಿದ ನೀರಿಂದ ಕ್ಲೋರಿನ್ ಎಲ್ಲಿಗೆ ಹಾರ್ಬೇಕ್ರಿ? ಮತ್ತ ಕೆಲವು ಊರಾಗ ಕ್ಲೋರಿನ್ ಜೋಡಿ ಅಮೋನಿಯಾ ಕೂಡ್ಸಿ ಕ್ಲೋರಮಿನ್ ಮಾಡಿ ಬಿಡ್ತಾರ, ಅದು ವಾರ ಇಟ್ರೂ ಸರಿಯಾಗಿ ಹೋಗಲ್ಲ. ಅಂಥಲ್ಲಿ ಹೈಪೋ ಹಾಕಿದ್ರೂ ಕ್ಲೋರಿನ್ ಪಾಲು ಹೋಗಿ ಅಮೋನಿಯಾ ಪಾಲು ಹಿಂದ ಉಳೀತದ. ಅದಕ್ಕ ನಾ ಇಡೋದೂ ಇಡ್ತೀನಿ, ಹೈಪೋನೂ ಹಾಕ್ತೀನಿ.

ಬ್ಯಾಸಗ್ಯಾಗ ಮಾಳಿಗಿ ಮ್ಯಾಲ ಇಟ್ಟ ನೀರು ಆರಿಸ್ಲಾರದ ಹಾಕೋದಂತೂ ಬ್ಯಾಡೇ ಬ್ಯಾಡ. ನಮ್ ಕಲಬುರಗಿ ಮೇ ತಿಂಗಳದಾಗ ಮಧ್ಯಾಹ್ನ ಕಪ್ಪು ಟಾಕಿ ನಲ್ಲಿ ತಿರುವಿದ್ರ ಕೈ ಹಿಂದ ತಗೀತೇವು, ಆ ನೀರು ಮೀನಿನ ಮ್ಯಾಲ ಸುರದ್ರ ಏನ್ ಆದೀತು. ನೀರು ಬಿಸಿ ಆದಂಗ ಅದ್ರಾಗಿನ ಆಕ್ಸಿಜನ್ನೂ ಕಡಿಮಿ, 20 ಡಿಗ್ರಿದಾಗ ಲೀಟರಿಗೆ 9 ಮಿಲಿಗ್ರಾಂ ಹಿಡಿಯೋ ನೀರು 30 ಡಿಗ್ರಿಗೆ ಏಳೂವರೆ ಸುಮಾರ ಹಿಡೀತದ.


ಪಂಚಾಯ್ತಿ ವಾಟರ್‌ಮನ್, ಯಾದಗಿರಿ ಜಿಲ್ಲಾ
ಸೋಮವಾರ ಮುಂಜಾನಿ 6:05

ನೀರು ಬಿಟ್ಟು ಬಂದು ಈಗ ನೋಡಿದೆ. ಎಲ್ಲಾರೂ ಚಲೋ ಹೇಳ್ಯಾರ, ಆದ್ರ ಸರ ಕೇಳಿದ ಪ್ರಶ್ನಿ ಹಂಗೇ ಉಳದದ, ಎಂಟ ತಿಂಗಳು ಆಗಲಾರದ್ದು ಇವತ್ತೇ ಯಾಕ ಆಯ್ತು ಅಂತ. ನನಗೂ ಅದೇ ಕಾಡ್ಲತ್ತದ.

ನಾ ಹದಿನಾಕ ವರ್ಷದಿಂದ ಊರಿಗೆ ನೀರು ಬಿಡೋ ಕೆಲಸ ಮಾಡ್ಲತ್ತೀನಿ. ಮನೀ ನಲ್ಲಿಗೆ ಮುಟ್ಟುವಾಗ ಲೀಟರಿಗೆ ಕಡಿಮಿ ಅಂದ್ರ 0.2 ಮಿಲಿಗ್ರಾಂ ಕ್ಲೋರಿನ್ ಉಳದಿರಬೇಕು ಅಂತ ಕುಡಿಯೋ ನೀರಿನ ಮಾನದಂಡ ಹೇಳ್ತದ, ಐ.ಎಸ್. 10500 ಅಂತ. ಅದು ಮಂದಿ ಹೊಟ್ಟಿ ಸಲುವಾಗಿ ಬೇಕೇ ಬೇಕು, ಅದ್ರ ಮ್ಯಾಲ ಸಿಟ್ಟಾಗಬಾರ್ದು. ಮೀನಿಗೆ ಅಷ್ಟೂ ತ್ರಾಸೇ, ಯಾಕಂದ್ರ ಕಿವಿರಿನಾಗ ರಕ್ತಕ್ಕೂ ನೀರಿಗೂ ನಡುವ ಕಾಗದಕ್ಕಿಂತ ತೆಳ್ಳನ ಪೊರಿ ಒಂದೇ ಇರೋದು, ಕ್ಲೋರಿನ್ ಆ ಪೊರಿನೇ ಸುಡ್ತದ. ಆದ್ರ ಐದು ನಿಮಿಷದಾಗ ಗಾಜಿಗೆ ಬಡ್ಕೊಂಡು, ಒಂದ ದಿನದಾಗ ಆರರಾಗ ನಾಕು ಸಾಯಬೇಕಂದ್ರ ಬರೇ ನಳದ ಕ್ಲೋರಿನ್ ಅಂತ ನನಗ ಅನಸ್ಲತ್ತಿಲ್ಲ. ನೀವು ಮೋಟರ್ ಹಚ್ಚಿ ತುಂಬಿದೆ ಅಂದ್ರಿ, ಅಂದ್ರ ಅದು ಸಂಪಿನ ನೀರು, ನಳದ್ದಲ್ಲ. ಸಂಪಿಗೆ ಮನ್ಯಾಗ ಯಾರರ ಏನರ ಹಾಕ್ಯಾರೇನು ಕೇಳ್ರಿ. ಸಂಪ್ ತೊಳದಿರಿ? ಸೊಳ್ಳಿ ಮರಿ ಔಷಧ ಹಾಕಿಸಿರಿ?


ಮೀನಿನ ಮನಿ, ಕಲಬುರಗಿ
ಸೋಮವಾರ ಮುಂಜಾನಿ 8:50

ವಾಟರ್‌ಮನ್ ಅಣ್ಣಾ, ನಿಮಗ ಕೈ ಮುಗೀತೀನಿ. ಕೇಳಿದೆ. ಗುರುವಾರ ನಮ್ ಅಪ್ಪಾರು ಸಂಪಿಗೆ ಬ್ಲೀಚಿಂಗ್ ಪುಡಿ ಹಾಕ್ಯಾರ. ಮಳಿ ಆದ ಮ್ಯಾಲ ನೀರು ಕೆಂಪಗ ಬಂದಿತ್ತು, ಅಣ್ಣನ ಮಗನಿಗೆ ಹೊಟ್ಟಿ ಕೆಟ್ಟಿತ್ತು, ಅದಕ್ಕ ಎರಡ ಮುಷ್ಟಿ ಹಾಕಿದೆ ಅಂದ್ರು. ಸಂಪ್ ಐದು ಸಾವಿರ ಲೀಟರಿಂದು, ಆವಾಗ ಮೂರು ಸಾವಿರದಷ್ಟು ನೀರು ಇರಬೇಕು. ಮುಚ್ಚಳ ಹಾಕೇ ಇತ್ತು. ಅಪ್ಪಾರು ಈಗ ಭಾಳ ನೊಂದ್ಕೊಂಡಾರ, ನನ್ನಿಂದ ಆಯ್ತು ಅಂತ ಚಾ ಸುದ್ದಾ ಕುಡದಿಲ್ಲ. ಮನೀ ಮಂದಿ ಹೊಟ್ಟಿ ಸಲುವಾಗಿ ಮಾಡ್ಯಾರ, ತಪ್ಪಂತ ನಾ ಹ್ಯಾಂಗ ಅನ್ಲಿ.

ರಾತ್ರಿ ಬಾಜೂ ಮನೀ ಬೋರ್ ನೀರು ತಂದು ಹೈಪೋ ಸರ್ ಹೇಳಿದಂಗ ಸಾವಕಾಶ ಹಾಕಿದೆ. ಮಗಳು ಹನ್ನೆರಡರ ತನಕ ತಂಬಿಗಿ ಹಿಡದು ಕುಂತಿದ್ಲು. ಎರಡೂ ಬದುಕ್ಯಾವ, ಸ್ವಲ್ಪ ಕೆಳಗ ಇಳದಾವ.


ಪಂಚಾಯ್ತಿ ವಾಟರ್‌ಮನ್, ಯಾದಗಿರಿ ಜಿಲ್ಲಾ
ಸೋಮವಾರ ಮಧ್ಯಾಹ್ನ 1:30

ಅಪ್ಪಾರಿಗೆ ಹೇಳ್ರಿ, ಇಂಥದು ಹಳ್ಳಿ ಹಳ್ಳಿಗೆ ಆಗ್ತದ, ಅವರು ಮಾಡಿದ್ದು ಕಾಳಜಿಲೇ. ಅಳತಿ ಒಂದೇ ಹೆಚ್ಚು ಬಿದ್ದದ. ನಮಗ ಟ್ರೇನಿಂಗಿನಾಗ ಕಲಸಿದ್ದು ಏನಂದ್ರ, ಒಳ್ಳೆ ಬ್ಲೀಚಿಂಗ್ ಪುಡಿ ಇದ್ರ ಸಾವಿರ ಲೀಟರ್ ತಿಳಿ ನೀರಿಗೆ ಎರಡೂವರೆ ಗ್ರಾಂ. ನಿಮ್ ಮೂರು ಸಾವಿರಕ್ಕ ಏಳೂವರೆ ಗ್ರಾಂ, ಅಂದ್ರ ಎರಡ ಸಣ್ಣ ಚಮಚ ಸುಮಾರ. ಎರಡ ಮುಷ್ಟಿ ಅಂದ್ರ 100 ಗ್ರಾಂ ಹಿಡೀರಿ. ತಾಜಾ ಪುಡ್ಯಾಗ ನೂರಕ್ಕ 33 ಪಾಲು ಕ್ಲೋರಿನ್ ಇರ್ತದ, ಆ ಲೆಕ್ಕದಾಗ 33 ಗ್ರಾಂ ಕ್ಲೋರಿನ್ ಮೂರು ಸಾವಿರ ಲೀಟರಿನಾಗ, ಲೀಟರಿಗೆ 11 ಮಿಲಿಗ್ರಾಂ ಆಯ್ತು. ನಿಮ್ ನಲ್ಲಿಗೆ ಬರಬೇಕಾದ್ದು 0.2 ಸುತ್ತಮುತ್ತ ನೋಡ್ರಿ. ಚೀಲ ಬಿಚ್ಚಿಟ್ಟ ಹಳೇ ಪುಡಿ ಸತ್ವ ಕಳಕೊಂಡಿರ್ತದ, ರಾಡಿನೂ ಸ್ವಲ್ಪ ತಿಂದಿರ್ತದ, ಅರ್ಧಕ್ಕ ಇಳದಿತ್ತಂದ್ರೂ ಐದಾರು ಉಳೀತದ. ಆ ನೀರು ಈಗಲೂ ಸಂಪಿನಾಗ ಇದ್ರ ಮಂದಿನೂ ಕುಡೀಬ್ಯಾಡ್ರಿ, ಮುಚ್ಚಳ ತಗದು ಬಿಡ್ರಿ, ಬಟ್ಟಿ ತೊಳಿಲಾಕ ಸಂಡಾಸಕ್ಕ ಬಳಸಿ ಖಾಲಿ ಮಾಡ್ರಿ. ತಗದಿಟ್ಟ ಸಂಪಿನ ಹತ್ರ ಕೂಸುಗಳು ಹೋಗಲಾರದಂಗ ಜಾಲಿ ಹಾಕ್ರಿ, ಇದು ಮೀನಿಗಿಂತ ಮುಖ್ಯ.

ನೀರು ನೋಡಿ ಅಂದಾಜ ಹೇಳೋದು ಬ್ಯಾಡ. ನಮ್ ಹತ್ರ ಕ್ಲೋರೋಸ್ಕೋಪ್ ಇರ್ತದ, ಸಣ್ಣ ಗಾಜಿನ ನಳಿಗಿಗೆ ನೀರು ತುಂಬಿ ಓಟಿ ಅನ್ನೋ ಔಷಧ ಹನಿ ಹಾಕಿದ್ರ ಕ್ಲೋರಿನ್ ಇದ್ದಷ್ಟು ಹಳದಿ ಆಗ್ತದ. ತುಸು ಇದ್ರ ನಿಂಬಿಹಣ್ಣಿನ ರಸದ ಬಣ್ಣ, ಭಾಳ ಇದ್ರ ಕಿತ್ತಳಿ ಕಡೆ ಹೊಳ್ತದ. ನಿಮ್ ಏರಿಯಾದಾಗ ನೀರು ಬಿಡೋರನ್ನ ಕೇಳ್ರಿ, ಒಂದ ನಿಮಿಷದ ಕೆಲಸ, ಯಾರೂ ಇಲ್ಲ ಅನ್ನಲ್ಲ. ಈಜುಕೊಳಕ್ಕೂ ಇಂಥಾ ಕಿಟ್ ಬಳಸ್ತಾರ. ಪರೀಕ್ಷಾ ಮಾಡಿದ ನೀರು ಮಾತ್ರ ಟ್ಯಾಂಕಿಗೆ ಚೆಲ್ಲಬ್ಯಾಡ್ರಿ, ಆ ಹನಿ ಆಮ್ಲದ್ದು.


ಹೈಪೋ ಬಾಟ್ಲಿ, ಕಲಬುರಗಿ
ಸೋಮವಾರ ಮಧ್ಯಾಹ್ನ 2:10

ನಾ ನಿನ್ನಿ ಹೇಳಿದ್ದಕ್ಕ ಒಂದ ತಿದ್ದುಪಡಿ ಮಾಡ್ಬೇಕು. 10 ಲೀಟರಿಗೆ 1 ಎಂ.ಎಲ್. ಅನ್ನೋದು ಸಾದಾ ನಳದ ನೀರಿಗೆ. 1 ಮಿಲಿಗ್ರಾಂ ಕ್ಲೋರಿನ್ ಕೊಲ್ಲಲಾಕ 7 ಮಿಲಿಗ್ರಾಂ ಹೈಪೋ ಅಂತ ಹಿಡದು ಮಾಡಿದ ಲೆಕ್ಕ ಅದು, ಲೀಟರಿಗೆ ಒಂದ ಒಂದೂವರೆ ಮಿಲಿಗ್ರಾಂ ತನಕ ತಡೀತದ ಅಷ್ಟೇ. ವಾಟರ್‌ಮನ್ ಅಣ್ಣಾರು ಹೇಳಿದ 11 ಖರೆ ಇದ್ರ ಅದೇ 10 ಲೀಟರಿಗೆ 8 ಎಂ.ಎಲ್. ಬೇಕಾಗ್ತಿತ್ತು, ನನ್ನ ಮಾತು ಕೇಳಿ ಸಂಪಿನ ನೀರಿಗೆ 2 ಎಂ.ಎಲ್. ಹಾಕಿ ನಂಬಿ ಬಿಟ್ಟಿದ್ರ ಉಳದ ಎರಡೂ ಹೋಗ್ತಿದ್ವು. ಸಂಪಿಗೆ ಏನ್ ಹಾಕ್ಯಾರ ಅಂತ ನಾ ಮೊದಲ ಕೇಳ್ಬೇಕಿತ್ತು.


ಶಹಾಬಾದ ಫರಸಿ
ಸೋಮವಾರ ರಾತ್ರಿ 8:30

ತಮ್ಮಾ, ನಾ ಶಹಾಬಾದದಾಕಿ, ಸಾಲ್ಯಾಗ ವಿಜ್ಞಾನ ಕಲಸ್ತೀನಿ, ನಂಬಲ್ಲಿ ಸಾಲಿ ವರಾಂಡದಾಗ ದೊಡ್ಡ ಟ್ಯಾಂಕ್ ಅದ. ಎಲ್ಲಾರೂ ಕ್ಲೋರಿನ್ ಹಿಂದ ಬಿದ್ದೀರಿ, ಆದ್ರ ಕ್ಲೋರಿನ್ ಈಗ ಮುಗದ ಕಥಿ, ಗಾಳಿ ಬಿಟ್ಟು ಒಂದ ದಿನ ಆಯ್ತು, ಅರ್ಧ ನೀರೂ ಬದಲಾಯ್ತು. ನನಗ ಹೆದರಿಕಿ ಇರೋದು ಈ ವಾರದ್ದು.

ನೀನು ಸ್ಪಂಜ್ ಹಿಂಡಿ ಬೆಳ್ಳಗ ಮಾಡಿದೆ ಅಂದಿಯಲ್ಲ, ಆ ಕಂದು ಲೋಳ್ಯಾಗೇ ಟ್ಯಾಂಕಿನ ಜೀವ ಇತ್ತು. ಮೀನಿನ ಹೊಲಸಿನಿಂದ ಅಮೋನಿಯಾ ಆಗ್ತದ, ಒಂದ ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತಾವ, ಇನ್ನೊಂದ ಜಾತಿ ಅದನ್ನ ನೈಟ್ರೇಟ್ ಮಾಡ್ತಾವ, ನೈಟ್ರೇಟ್ ಅಷ್ಟು ವಿಷ ಅಲ್ಲ, ವಾರದ ನೀರು ಬದಲಿಯಾಗ ಹೋಗ್ತದ. ಹಿಂಡಿದ್ದಕ್ಕ ಒಂದಿಷ್ಟು ಹೋದ್ವು, ಬ್ಲೀಚಿಂಗ್ ನೀರಿಗೆ ಉಳದವೂ ಸತ್ವು. ಅವು ಹೊಳ್ಳಿ ಬೆಳೀಲಾಕ ನಾಕರಿಂದ ಆರು ವಾರ ಬೇಕು. ಅಲ್ಲಿತನಕ ಮೀನು ತಮ್ಮ ಹೊಲಸಿನಾಗೇ ಇರ್ತಾವ. ನಮ್ ಭಾಗದ ನೀರು ಕ್ಷಾರದ್ದು, ಪಿ.ಎಚ್. (ಹುಳಿ, ಕ್ಷಾರದ ಅಳತಿ) ಎಂಟರ ಮ್ಯಾಲೇ ಇರ್ತದ ಭಾಳ ಕಡೆ, ಪಿ.ಎಚ್. 7 ಇದ್ದದ್ದು 8 ಆತಂದ್ರ ಅದೇ ಅಮೋನಿಯಾದಾಗ ವಿಷದ ಪಾಲು ಸುಮಾರ ಹತ್ತು ಪಟ್ಟು ಏರ್ತದ. ಅದಕ್ಕ ಈಗ ದಿನಾ ಒಂದ ಅರ್ಧ ಬಕೆಟ್ ತಯಾರ ಮಾಡಿದ ನೀರು ಬದಲ್ಸು, ಕಾಳು ಎರಡ ದಿನಕ್ಕೊಮ್ಮೆ ಚಿಟಿಕಿ ಹಾಕು. ಗುರ್ತಿನವರ ಹತ್ರ ಹಳೇ ಆರೋಗ್ಯ ಟ್ಯಾಂಕ್ ಇದ್ರ ಅವರ ಹೊಲಸು ಸ್ಪಂಜಿನ ಒಂದ ತುಂಡು ಬೇಡಿ ತಂದು ನಿನ್ನ ಫಿಲ್ಟರಿನಾಗ ಹಾಕು, ಒದ್ದಿ ಇರುವಾಗೇ ತರಬೇಕು. ಇನ್ ಮುಂದ ಸ್ಪಂಜ್ ತೊಳೀಬೇಕಂದ್ರ ಟ್ಯಾಂಕಿಂದ ತಗದ ನೀರಾಗೇ ಎರಡ ಸಲ ಅದ್ದಿ ಹಿಂಡು, ನಲ್ಲಿ ಕೆಳಗ ಹಿಡೀಬ್ಯಾಡ.

ಇನ್ನೊಂದು ಕೇಳ್ತೀನಿ, ಟ್ಯಾಂಕಿನಾಗ ಹಾಕಿದ ಕಲ್ಲು ಯಾವವು? ನಮ್ ಕಡೆ ಮನೀ ಕಟ್ಟಿದ ಮ್ಯಾಲ ಉಳದ ಫರಸಿ ತುಂಡು ಟ್ಯಾಂಕಿಗೆ ಹಾಕೋ ರೂಢಿ ಅದ, ಗುಹಿ ಮಾಡಲಾಕ ಛಂದ ಕಾಣ್ತದ. ಶಹಾಬಾದಿ ಕಲ್ಲು ಅಂದ್ರ ಸುಣ್ಣದ ಕಲ್ಲು, ನಮ್ ವಾಡಿ, ಸೇಡಂ ಕಡೆ ಸಿಮೆಂಟ್ ಆಗೋದೂ ಇಂಥಾ ಸುಣ್ಣದ ಕಲ್ಲಿನಿಂದೇ. ನೀರಾಗ ಕರಗ್ತಾ ಗಡಸುತನ ಏರಸ್ತದ. ಅನುಮಾನ ಇದ್ರ ಒಣ ಕಲ್ಲಿನ ಮ್ಯಾಲ ನಿಂಬಿ ರಸ ಹಿಂಡಿ ಕಿವಿ ಹತ್ರ ಹಿಡಿ, ಚುರ್ ಅಂತ ಸಣ್ಣ ಸಪ್ಪಳ ಬಂದು ನೊರಿ ಎದ್ರ ಅದು ಸುಣ್ಣದ್ದು. ನನ್ನ ಹುಡುಗರಿಗೆ ಇದು ಭಾಳ ಸೇರ್ತದ, ಒಬ್ಬೊಬ್ಬರು ಕಲ್ಲು ತಂದು ಕಿವಿಗೆ ಹಿಡ್ಕೊಂಡು ನಿಂದ್ರತಾರ. ಗೋಲ್ಡ್‌ಫಿಶ್, ಗಪ್ಪಿ, ಮೋಲಿ ಗಡಸು ನೀರಾಗ ಆರಾಮ ಇರ್ತಾವ, ಹಂಗಾಗಿ ಕಲ್ಲು ತಗದು ಚೆಲ್ಲಬೇಕಂತಿಲ್ಲ, ಆದ್ರ ಈಗ ಅಮೋನಿಯಾ ಏರೋ ಹೊತ್ತಿನಾಗ ಪಿ.ಎಚ್. ಏರ್ಸೋದು ಬ್ಯಾಡ, ಎರಡ ತಿಂಗಳು ಹೊರಗ ಇಡು.


ಕಾರಂಜಾ ನೀರು, ಬೀದರ
ಮಂಗಳವಾರ ಮುಂಜಾನಿ 7:40

ಅಕ್ಕಾರಾ, ನಿಂಬಿ ರಸದ್ದು ಈಗೇ ಮಾಡಿ ನೋಡಿದೆ, ನಮ್ ಮನೀ ಮುಂದಿನ ಕೆಂಪ ಜಂಬಿಟ್ಟಿಗಿ ಕಲ್ಲು ಏನೂ ಸಪ್ಪಳ ಮಾಡ್ಲಿಲ್ಲ, ಅಡಗಿ ಮನಿ ಫರಸಿ ಮಾತ್ರ ಚುರ್ ಅಂತು. ಒಂಬತ್ತ ವರ್ಷ ಆದ್ರೂ ಇದು ಗೊತ್ತಿದ್ದಿಲ್ಲ ನನಗ.

ಆರ್‌ಓ ಬಗ್ಗೆ ಸಣ್ಣ ಮಾತು. ಬೋರ್ ನೀರು ತೀರಾ ಗಡಸು ಇದ್ದವರು ಅರ್ಧ ಬೋರ್, ಅರ್ಧ ಆರ್‌ಓ ಬೆರಸಿ ಹಾಕಬಹುದು, ನಾನೂ ನಿಯಾನ್ ಟೆಟ್ರಾ ಮೀನಿನ ಸಲುವಾಗಿ ಹಂಗ ಮಾಡ್ತೀನಿ. ಬರೇ ಆರ್‌ಓ ಹಾಕಿದ್ರ ಪಿ.ಎಚ್. ತಡ್ಯೋ ಶಕ್ತಿನೇ ಇರಲ್ಲ, ಒಂದ ದಿನ ಧಡ್ ಅಂತ ಬೀಳ್ತದಾ. ಮಷೀನಿನಿಂದ ಹೊರಗ ಹೋಗೋ ವೇಸ್ಟ್ ನೀರು ಮೀನಿಗೆ ಹಾಕಿ ಉಳಸ್ತೀನಿ ಅನ್ನೋರೂ ಇದ್ದಾರ, ಅದ್ರಾಗ ಉಪ್ಪೆಲ್ಲಾ ಗಟ್ಟಿ ಆಗಿ ಬಂದಿರ್ತದಾ, ಗಿಡಕ್ಕೂ ನೋಡೇ ಹಾಕ್ಬೇಕು. ಮತ್ತ ತಾಮ್ರದ ಹಂಡ್ಯಾಗ ಇಟ್ಟ ನೀರು ಯಾರೂ ಹಾಕಬ್ಯಾಡ್ರಿ. ನಮಗ ಒಳ್ಳೇದು ಅಂತ ಮೀನಿಗೂ ಒಳ್ಳೇದಲ್ಲ, ಸಿಗಡಿ, ಬಸವನಹುಳ ಇದ್ರಂತೂ ತಾಮ್ರ ಅವಕ್ಕ ವಿಷ.


ಪಂಚಾಯ್ತಿ ವಾಟರ್‌ಮನ್, ಯಾದಗಿರಿ ಜಿಲ್ಲಾ
ಮಂಗಳವಾರ ಮುಂಜಾನಿ 9:15

ಮಳಿಗಾಲದಾಗ ಭೀಮಾ ನೀರು ಕೆಂಪಗ ಬಂದಾಗ ಮಂದಿ ಕೊಡದಾಗ ತುರಟಿ (ಪಟಿಕ) ತಿರುವ್ತಾರ. ಅದು ರಾಡಿ ತಳಕ್ಕ ಕೂಡಸ್ತದ ಖರೆ, ಆದ್ರ ನೀರಿನ ಕ್ಷಾರನೂ ತಿಂತದ. ಮೀನಿನ ಬಕೆಟ್ಟಿಗೆ ಹಾಕಬ್ಯಾಡ್ರಿ, ಎರಡ ದಿನ ಸುಮ್ನ ಇಟ್ಟು ಮ್ಯಾಲಿನ ತಿಳಿ ತಗೋರಿ. ಸೊಳ್ಳಿ ಮರಿ ಔಷಧ ಹಾಕಿದ ಡ್ರಮ್ಮಿನ ನೀರೂ ಬ್ಯಾಡ, ಸಿಗಡಿ ಉಳಿಯಲ್ಲ.


ಮೀನಿನ ಮನಿ, ಕಲಬುರಗಿ
ಎರಡ ವಾರದ ಮ್ಯಾಲ, ಭಾನುವಾರ ಸಂಜಿ 5:30

ಎಲ್ಲಾರಿಗೂ ಹೇಳ್ಬೇಕಂತ ಬಂದೀನ್ರಿ, ಎರಡೂ ಬದುಕ್ಯಾವ. ಐದನೇ ದಿನ ಒಂದು ಮತ್ತ ಮ್ಯಾಲ ಬಂದು ನಿಂತಿತ್ತು, ಶಹಾಬಾದ ಅಕ್ಕಾರು ಹೇಳಿದ್ದು ನೆನಪಾಗಿ ಅಮೋನಿಯಾ ಟೆಸ್ಟ್ ಮಾಡಿದೆ, ನಳಿಗಿ ಹಸರ ಆಯ್ತು, ಅಂದ್ರ ಅಮೋನಿಯಾ ಏರಿತ್ತು, ಕೈ ನಡುಗಿದ್ವು. ಆವತ್ತ ಎರಡ ಸಲ ನೀರು ಬದಲ್ಸಿದೆ. ಗೆಳ್ಯಾನ ಟ್ಯಾಂಕಿನ ಸ್ಪಂಜ್ ತುಂಡು ಪ್ಲಾಸ್ಟಿಕ್ ಡಬ್ಬ್ಯಾಗ ನೀರ ಸಮೇತ ತಂದು ಹಾಕಿದ ಮ್ಯಾಲ ದಿನಾ ತಿಳಿ ಆಗ್ಲತ್ತದ. ಕಲ್ಲು ನೋಡಿದೆ, ಅಕ್ಕಾರ ಮಾತು ಖರೆ, ಮನೀ ಕಟ್ಟಿದ್ದ ಫರಸಿನೇ, ಹೊರಗ ಇಟ್ಟೀನಿ.

ಸಂಪ್ ಖಾಲಿ ಮಾಡಿ ಹೊಸಾ ನೀರು ತುಂಬ್ಸಿ, ನೀರು ಬಿಡೋರನ್ನ ಕೇಳಿ ಹಳದಿ ಹನಿ ಹಾಕಿಸಿ ನೋಡಿದ್ವಿ, ಅಪ್ಪಾರೂ ಬಂದು ನಿಂತಿದ್ರು. ನಸು ಹಳದಿ ಅಷ್ಟೇ ಬಂತು. ಅದೇ ನೀರಿಗೆ ಬಕೆಟ್ಟಿನಾಗ ಹೈಪೋ ಹಾಕಿ ಮತ್ತ ನೋಡಿದ್ರ ಬಣ್ಣನೇ ಬರ್ಲಿಲ್ಲ, ಬರೇ ನೀರು. ಅದನ್ನ ಕಣ್ಣಿಲೆ ನೋಡಿದ ಮ್ಯಾಲ ನನಗ ಧೈರ್ಯ ಬಂತು. ಹೈಪೋ ಸರ, ಬಾಟ್ಲಿ ಖರೇನೇ ತಣ್ಣಗಾಯ್ತು, ಮಗಳು ಗಲ್ಲಕ್ಕ ಹಚ್ಕೊಂಡು ನಕ್ಳು. ಸಂಪಿನ ಮುಚ್ಚಳದ ಮ್ಯಾಲ ಆಕಿನೇ ಖಡುವಿಲೆ ಬರದಾಳ, ಪುಡಿ ಹಾಕಿದ ತಾರೀಖು, ಎಷ್ಟ ಚಮಚ, ಯಾರು ಹಾಕಿದ್ರು ಅಂತ ಮೂರು ಖಾನಿ ಮಾಡಿ. ಅಪ್ಪಾರು ಇನ್ ಮುಂದ ಚಮಚದಲೇ ಹಾಕ್ತೀನಿ ಅಂದಾರ.

ಈಗ ಒಂದ ಪ್ರಶ್ನಿ. ಮುಂದಿನ ವಾರ ನಾಕು ದಿನ ಊರಿಗೆ ಹೋಗ್ಬೇಕು, ಬಾಜೂ ಮನಿಯವರಿಗೆ ನೀರು ಬದಲ್ಸಲಾಕ ಹೇಳಿ ಹೋಗ್ಲೋ ಬ್ಯಾಡೋ?


ಶಹಾಬಾದ ಫರಸಿ
ಭಾನುವಾರ ಸಂಜಿ 6:05

ಬ್ಯಾಡ ತಮ್ಮಾ. ಹೋಗೋ ಹಿಂದಿನ ದಿನ ಒಂದ ಬಕೆಟ್ ನೀನೇ ಬದಲ್ಸು, ಅಮೋನಿಯಾ ನೋಡು, ಕಾಳು ಹಾಕಬ್ಯಾಡ. ಅವರಿಗೆ ಒಂದೇ ಕೆಲಸ ಹೇಳು, ಕರೆಂಟ್ ಹೋಗಿ ಬಂದ ಮ್ಯಾಲ ಏರ್ ಪಂಪ್ ಗುಳ್ಳಿ ಬರ್ಲತ್ತದೋ ಇಲ್ಲೋ ನೋಡ್ಲಿ. ಕಾಳಿನ ಡಬ್ಬಿ ಮಾತ್ರ ನಿನ್ನ ಜೋಡಿ ಒಯ್ಯಿ ಇಲ್ಲಾ ಒಳಗಿಡು, ಕೈಗೆ ಸಿಕ್ರ ಪಾಪ ಅಂತ ಎಲ್ಲಾರೂ ಹಾಕ್ತಾರ.